ಬ್ಯಾಂಡ್‌ಸಾ ಗೈಡು, ಬೇರಿಂಗು ಸವೆದಾಗ ನಾವು ಮಾಡಿದ ರಿಪೇರಿ

ಬ್ಯಾಂಡ್‌ಸಾ ಅಂದರೆ ಎರಡು ಚಕ್ರದ ಮೇಲೆ ಬಳೆಯಂತೆ ಸುತ್ತುವ ಬ್ಲೇಡಿನ ಗರಗಸ; ಆ ಬ್ಲೇಡು ಪಕ್ಕಕ್ಕೂ ಹಿಂದಕ್ಕೂ ಸರಿಯದಂತೆ ತಡೆಯುವುದು ಗೈಡು. ಹದಿನಾಲ್ಕು ಇಂಚು ಚಕ್ರದ ಬ್ಯಾಂಡ್‌ಸಾದಲ್ಲಿ ಗೈಡ್ ಬೇರಿಂಗು ಬದಲಿಸುವುದು ಕಷ್ಟದ ಕೆಲಸವಲ್ಲ. ಹಳೆಯದು ಯಾಕೆ ಹೋಯಿತು ಅಂತ ನೋಡದೆ ಬದಲಿಸಿದರೆ ಹೊಸದೂ ಅದೇ ದಾರಿ ಹಿಡಿಯುತ್ತದೆ, ಅಷ್ಟೆ. ಹತ್ತು ಜನ ಬಳಸುವ ವರ್ಕ್‌ಶಾಪಿನಲ್ಲಿ ಒಬ್ಬರು 6 ಮಿ.ಮೀ. ಬ್ಲೇಡು ಹಾಕಿ ತಿರುವು ಕೊಯ್ದು ಹೋಗಿರುತ್ತಾರೆ. ಅವರ ನಂತರ ಬಂದವರು 16 ಮಿ.ಮೀ. ಬ್ಲೇಡಿನಲ್ಲಿ ತೇಗದ ಹಲಗೆ ಸೀಳುತ್ತಾರೆ. ಗೈಡು ಮಾತ್ರ ಮೊದಲಿನವರು ಬಿಟ್ಟ ಜಾಗದಲ್ಲೇ ಇರುತ್ತದೆ.

ಮೊದಲು ಪ್ಲಗ್ ಕಿತ್ತು, ಎಲ್ಲರಿಗೂ ಕಾಣುವಂತೆ ಟೇಬಲ್ ಮೇಲಿಟ್ಟು, ‘ರಿಪೇರಿಯಲ್ಲಿದೆ’ ಎಂಬ ಚೀಟಿ ಕಟ್ಟಿ. ಸ್ವಿಚ್ ಆಫ್ ಮಾಡಿದರೆ ಸಾಲದು, ಯಾರೋ ಬಂದು ಒತ್ತುತ್ತಾರೆ. ಬ್ಲೇಡು ತೆಗೆದು, ಮೇಲಿನ ಗೈಡಿನ ಮೂರು (ಎರಡು ಪಕ್ಕಕ್ಕೆ, ಒಂದು ಬೆನ್ನಿಗೆ), ಟೇಬಲ್ ಕೆಳಗಿನ ಮೂರು ಬೇರಿಂಗನ್ನೂ ಬೆರಳಿನಿಂದ ತಿರುಗಿಸಿ. ಒಳ್ಳೆಯ ಬೇರಿಂಗಿಗೆ ಗ್ರೀಸಿನ ಸಣ್ಣ ಬಿಗಿ ಇರುತ್ತದೆ, ಬೇಗ ನಿಲ್ಲುತ್ತದೆ. ಬುಗುರಿಯಂತೆ ಬಹಳ ಹೊತ್ತು ತಿರುಗಿ ಗಲಗಲ ಅಂದರೆ ಗ್ರೀಸು ಹೋಗಿದೆ ಎಂದೇ ಅರ್ಥ. ಮರಳು ಸಿಕ್ಕಂತೆ ತಡೆದರೆ ಒಳಗೆ ಪುಡಿ ಹೊಕ್ಕಿದೆ. ಕೆಳಗಿನ ಗೈಡನ್ನು ಯಾರೂ ಬಗ್ಗಿ ನೋಡುವುದಿಲ್ಲ. ಪುಡಿಯೆಲ್ಲ ಬೀಳುವುದು ಅದರ ಮೇಲೆಯೇ, ಮೊದಲು ಹಾಳಾಗುವುದೂ ಅದೇ.

ಸವೆತಕ್ಕೆ ದೊಡ್ಡ ಕಾರಣ, ಬ್ಲೇಡು ಸದಾ ಬೇರಿಂಗಿಗೆ ತಾಗಿಕೊಂಡೇ ಓಡುವುದು. ಲೆಕ್ಕ ಹಾಕಿ ನೋಡಿ: 350 ಮಿ.ಮೀ. ಚಕ್ರ ನಿಮಿಷಕ್ಕೆ 900 ಸುತ್ತು ತಿರುಗಿದರೆ ಬ್ಲೇಡು ನಿಮಿಷಕ್ಕೆ ಹತ್ತಿರ ಹತ್ತಿರ 990 ಮೀಟರ್ ಓಡುತ್ತದೆ. ಅದಕ್ಕೆ ತಾಗಿದ 22 ಮಿ.ಮೀ. ಬೇರಿಂಗು ನಿಮಿಷಕ್ಕೆ ಸುಮಾರು 14,000 ಸುತ್ತು ತಿರುಗಬೇಕು. ಕೊಯ್ಯುವಾಗ ಅಷ್ಟು ತಿರುಗಿದರೆ ತಡೆಯುತ್ತದೆ. ಯಂತ್ರ ಸುಮ್ಮನೆ ಓಡುವಾಗಲೂ ಹಾಗೇ ತಿರುಗುತ್ತಿದ್ದರೆ ಬಿಸಿಗೆ ಗ್ರೀಸು ಕರಗಿ ಹೋಗುತ್ತದೆ.

ಬ್ಲೇಡಿನ ಬೆನ್ನಿಗೆ ಆನಿಸುವ ಥ್ರಸ್ಟ್ ಬೇರಿಂಗಿನ ಮುಖದಲ್ಲಿ ಉಗುರಿಗೆ ಸಿಕ್ಕುವಷ್ಟು ಗೀರು ಬಿದ್ದಿದ್ದರೆ ಅದು ತಿರುಗದೆ ನಿಂತು ಸವೆದಿದೆ. ನಮ್ಮಂಥ ಯಂತ್ರದಲ್ಲಿ ಬ್ಲೇಡಿನ ಬೆನ್ನು ಬೇರಿಂಗಿನ ಹೊರ ಬಳೆಯ ಅಂಚಿಗೆ ತಾಗಬೇಕು, ಆಗಲೇ ಅದು ತಿರುಗುವುದು. ನಡುವಿಗೆ ತಾಗಿದರೆ ತಿರುಗುವುದಿಲ್ಲ, ಗೀರು ಬೀಳುತ್ತದೆ, ಆ ಗೀರಿನಲ್ಲಿ ಬ್ಲೇಡು ಸಿಕ್ಕಿಕೊಂಡು ಬೆನ್ನು ಗಟ್ಟಿಯಾಗಿ ಒಡೆಯುತ್ತದೆ. ಒಳಗಿನ ಗುಂಡು ಚೆನ್ನಾಗಿದ್ದು ಮುಖ ಮಾತ್ರ ಸವೆದಿದ್ದರೆ ಎಸೆಯಬೇಡಿ, ಕಳಚಿ ತಿರುಗಿಸಿ ಕೂರಿಸಿ. ಹಿಂಬದಿಯ ಮುಖ ಹೊಸದರಂತೆಯೇ ಇರುತ್ತದೆ.

ನಂಬರು ಬೇರಿಂಗಿನ ಮೇಲೆಯೇ ಇರುತ್ತದೆ. ಅಳಿಸಿದ್ದರೆ ವರ್ನಿಯರ್‌ನಲ್ಲಿ ಒಳ ವ್ಯಾಸ, ಹೊರ ವ್ಯಾಸ, ದಪ್ಪ ಅಳೆಯಿರಿ: 8-22-7 ಬಂದರೆ 608, 10-26-8 ಬಂದರೆ 6000, 10-30-9 ಬಂದರೆ 6200, 12-32-10 ಬಂದರೆ 6201. ಕೊಳ್ಳುವಾಗ ತಗಡಿನ ಮುಚ್ಚಳದ ಝಡ್‌ಝಡ್ ಬೇಡ, ರಬ್ಬರ್ ಸೀಲಿನ 2ಆರ್‌ಎಸ್ ಕೇಳಿ. ಮರದ ನುಣ್ಣನೆ ಪುಡಿಗೆ, ಅದರಲ್ಲೂ ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಪುಡಿಗೆ, ತಗಡಿನ ಸಂದು ಸಾಕಷ್ಟು ದೊಡ್ಡ ಬಾಗಿಲು. ಬೆಂಗಳೂರಿನವರು ಎಸ್.ಜೆ.ಪಿ. ರಸ್ತೆಗೆ ಹೋಗುವಾಗ ಹಳೆಯದನ್ನು ಜೇಬಿನಲ್ಲಿಟ್ಟುಕೊಂಡೇ ಹೋಗಿ.

ಕಳಚುವಾಗ ಸುತ್ತಿಗೆ ಬೇಡ. ಬೇರಿಂಗಿಗಿಂತ ದೊಡ್ಡ ಬಾಯಿಯ ಸಾಕೆಟ್ಟನ್ನು ಒಂದು ಕಡೆ, ಶಾಫ್ಟಿಗಿಂತ ಸಣ್ಣ ಬೋಲ್ಟನ್ನು ಇನ್ನೊಂದು ಕಡೆ ಇಟ್ಟು ವೈಸ್‌ನಲ್ಲಿ ಬಿಗಿದರೆ ಮೆಲ್ಲಗೆ ಬರುತ್ತದೆ. ಹೊಸದನ್ನು ಶಾಫ್ಟಿನ ಮೇಲೆ ಕೂರಿಸುವಾಗ ಒಳ ಬಳೆಯ ಮೇಲೆ ಒತ್ತಿ, ಗೂಡಿನೊಳಗೆ ಕೂರಿಸುವಾಗ ಹೊರ ಬಳೆಯ ಮೇಲೆ. ತಿರುಗಮುರುಗ ಒತ್ತಿದರೆ ಆ ಒತ್ತಡವೆಲ್ಲ ಗುಂಡಿನ ಮೇಲೆ ಬಿದ್ದು, ಹೊಸ ಬೇರಿಂಗು ಮೊದಲ ದಿನದಿಂದಲೇ ಗರಗರ ಅನ್ನುತ್ತದೆ.

ಪಕ್ಕದ ಗೈಡು ಬೇರಿಂಗಲ್ಲದೆ ಉಕ್ಕಿನ ತುಂಡಾಗಿದ್ದರೆ ಇನ್ನೂ ಸುಲಭ. ಸವೆದ ಮುಖವನ್ನು ಗಾಜಿನ ಮೇಲೆ ಅಂಟಿಸಿದ 120ರ ಎಮರಿ ಕಾಗದದಲ್ಲಿ ಉಜ್ಜಿ ಸಮ ಮಾಡಿ. 3ರಿಂದ 6 ಮಿ.ಮೀ. ಬ್ಲೇಡಿಗೆ ಉಕ್ಕಿಗಿಂತ ಬಟ್ಟೆ ಪದರಕ್ಕೆ ರಾಳ ಹಾಕಿ ಗಟ್ಟಿ ಮಾಡಿದ ಹೈಲಂ ಶೀಟು ಮೇಲು ಎಂದು ನನ್ನ ಅಭಿಪ್ರಾಯ. ಗೂಡಿನ ಅಳತೆಗೆ ಕೊಯ್ದು, ಕೊನೆಯನ್ನು ನೇರ ಮಾಡಿ ತೂರಿಸಿದರೆ ಆಯಿತು. ಹಲ್ಲು ತಾಗಿದರೂ ಮೊಂಡಾಗುವುದಿಲ್ಲ. ತುರ್ತಿಗೆ ಹುಣಸೆಯ ಚೇಗು ಎಣ್ಣೆಯಲ್ಲಿ ನೆನೆಸಿ ಹಾಕಬಹುದು, ಆಗಾಗ ಸವರಿ ಮುಂದೆ ತಳ್ಳುತ್ತಿರಬೇಕು.

ಹೆಚ್ಚಿನವರು ಬಿಟ್ಟುಬಿಡುವುದು ಗೈಡು ತೂಗುವ ಕಂಬವನ್ನು. ಟೇಬಲ್ ಹತ್ತಿರ ಸರಿಯಾಗಿ ಹೊಂದಿಸಿದ ಗೈಡನ್ನು 150 ಮಿ.ಮೀ. ಮೇಲೆತ್ತಿ ಬಿಗಿದು ನೋಡಿ. ಬ್ಲೇಡನ್ನು ಒಂದು ಪಕ್ಕಕ್ಕೆ ದೂಡುತ್ತಿದ್ದರೆ ಕಂಬ ಬ್ಲೇಡಿಗೆ ಸಮಾಂತರವಾಗಿಲ್ಲ, ಅಥವಾ ಅದರ ಗೂಡು ಸವೆದಿದೆ. ಎರಡರಲ್ಲಿ ಯಾವುದೇ ಆದರೂ ಒಂದು ಬದಿಯ ಬೇರಿಂಗು ಸತತವಾಗಿ ಉಜ್ಜಿಸಿಕೊಳ್ಳುತ್ತದೆ. ಗೂಡಿಗೆ 0.1 ಅಥವಾ 0.2 ಮಿ.ಮೀ. ಹಿತ್ತಾಳೆ ಶಿಮ್ (ಸಂದು ತುಂಬುವ ತೆಳು ತಗಡು) ಕೊಟ್ಟು ಸರಿಪಡಿಸಿದೆವು. ಶಿಮ್ ಹಾಕಲಾಗದ ಯಂತ್ರದಲ್ಲಿ ಎತ್ತರ ಬದಲಿಸಿದಾಗಲೆಲ್ಲ ಗೈಡನ್ನು ಮತ್ತೆ ಹೊಂದಿಸುವುದೊಂದೇ ದಾರಿ.

ಹೊಂದಿಸುವಾಗ ಅನುಕ್ರಮ ತಪ್ಪಬಾರದು. ಆರೂ ಗೈಡನ್ನು ಹಿಂದಕ್ಕೆಳೆದು ಬ್ಲೇಡು ಹಾಕಿ, ಬಿಗಿ ಕೊಟ್ಟು, ಚಕ್ರವನ್ನು ಕೈಯಿಂದ ತಿರುಗಿಸುತ್ತ ಬ್ಲೇಡು ಚಕ್ರದ ರಬ್ಬರ್ ಟೈರಿನ ಮೇಲೆ ನಿಲ್ಲುವಂತೆ ಮಾಡಿ. ಗೈಡಿನ ಆಸರೆ ಇಲ್ಲದೆ ನೇರ ಓಡದ ಬ್ಲೇಡು ಗೈಡು ಕೊಟ್ಟರೂ ನೇರ ಓಡುವುದಿಲ್ಲ. ಆಮೇಲೆ ಥ್ರಸ್ಟ್ ಬೇರಿಂಗು: ಸಾಮಾನ್ಯ ಎ4 ಕಾಗದ ಸುಮಾರು 0.1 ಮಿ.ಮೀ. ದಪ್ಪ, ಅದನ್ನು ನಾಲ್ಕು ಪದರವಾಗಿ ಮಡಿಸಿ ಬ್ಲೇಡಿನ ಬೆನ್ನಿಗೂ ಬೇರಿಂಗಿಗೂ ನಡುವೆ ಇಟ್ಟು ಬಿಗಿಯಿರಿ. ಪಕ್ಕದ ಗೈಡಿಗೆ ಎರಡೂ ಕಡೆ ಒಂದೊಂದೇ ಪದರ. ಗೈಡಿನ ಮುಂದಿನ ಅಂಚು ಹಲ್ಲಿನ ಬುಡಕ್ಕಿಂತ 1 ಮಿ.ಮೀ. ಹಿಂದಿರಲಿ. ಮುಂದೆ ಬಂದರೆ ಹಲ್ಲಿನ ಸೆಟ್ (ಅತ್ತಿತ್ತ ಬಾಗಿಸಿದ ಓರೆ) ಹೋಗುತ್ತದೆ, ಬೇರಿಂಗಿನ ಅಂಚೂ ಕಿತ್ತುಹೋಗುತ್ತದೆ. ಬ್ಲೇಡನ್ನು ಪೂರ್ತಿ ಒಂದು ಸುತ್ತು ಕೈಯಿಂದ ತಿರುಗಿಸಿ. ಒಂದೇ ಜಾಗದಲ್ಲಿ ಟಕ್ ಎಂದರೆ ವೆಲ್ಡಿಂಗ್ ಗಂಟು, ಅದನ್ನು ಅರದಿಂದ ಸವರಿದರೆ ಹೋಗುತ್ತದೆ.

ಚಕ್ರದ ಬೇರಿಂಗು ಅಪರೂಪಕ್ಕೆ ಹೋಗುತ್ತದೆ. ಬ್ಲೇಡು ತೆಗೆದು ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ, ಆಟ ಸಿಕ್ಕರೆ ಆ ಚಕ್ರದ ಎರಡೂ ಬೇರಿಂಗನ್ನು ಒಟ್ಟಿಗೇ ಬದಲಿಸಿ. ಸರ್ಕ್ಲಿಪ್ (ಬೇರಿಂಗು ಜಾರದಂತೆ ಹಿಡಿಯುವ ಸ್ಪ್ರಿಂಗ್ ಬಳೆ), ನಡುವಿನ ಸ್ಪೇಸರು ಯಾವ ದಿಕ್ಕಿಗಿತ್ತು ಎಂದು ಫೋಟೊ ತೆಗೆದಿಟ್ಟುಕೊಳ್ಳಿ. ಇವನ್ನು ಕೆಡಿಸುವುದು ಹೆಚ್ಚಾಗಿ ಏರ್ ಗನ್ನು: ಗಾಳಿ ಹೊಡೆದರೆ ಪುಡಿ ಸೀಲಿನೊಳಗೇ ಹೋಗುತ್ತದೆ. ಬ್ರಷ್ಷು, ವ್ಯಾಕ್ಯೂಮು ಸಾಕು. ಬೇರಿಂಗಿಗೆ ಎಣ್ಣೆ ಸ್ಪ್ರೇ ಹೊಡೆಯುವುದನ್ನೂ ನಿಲ್ಲಿಸಿದ್ದೇವೆ, ಅದು ಒಳಗಿನ ಗ್ರೀಸನ್ನು ತೊಳೆದು ಪುಡಿಯ ಜೊತೆ ಸೇರಿ ಅಂಟಾಗುತ್ತದೆ.

ಯಂತ್ರದ ಬಾಗಿಲಿಗೆ ಈಗ ಒಂದು ಕಾರ್ಡು ತೂಗಿದೆ: ಹಾಕಿರುವ ಬ್ಲೇಡಿನ ಅಗಲ, ಬಿಗಿ ಸಡಿಲಿಸಿದೆಯೇ ಇಲ್ಲವೇ, ಗೈಡು ಹೊಂದಿಸಿದವರ ಹೆಸರು. ಪಕ್ಕದ ಡಬ್ಬಿಯಲ್ಲಿ ಮೂರು ಬೇರಿಂಗು, ಅಲೆನ್ ಕೀ, ಮಡಿಸಿದ ಕಾಗದದ ಚೂರು ಇಟ್ಟಿದ್ದೇವೆ. ಅಲೆನ್ ಕೀಯನ್ನು ಮಾತ್ರ ಸರಪಳಿಯಲ್ಲಿ ಕಟ್ಟಿ.