ಹಿಮದ ಇಳಿಜಾರು ದಾಟುವ ಮುನ್ನ: ಮೈಸೂರು, ಮಂಡ್ಯದ ಚಾರಣಿಗರಿಗೆ

ಚಳಿಗಾಲದಲ್ಲಿ ಉತ್ತರಾಖಂಡದ ಕೇದಾರಕಂಠ, ಬ್ರಹ್ಮತಾಲ್, ಕುವಾರಿ ಪಾಸ್ ಮುಂತಾದ ಹಿಮದ ಚಾರಣಗಳಿಗೆ ಹೊರಡುವ ನಮ್ಮ ಊರಿನವರು ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿ ಕಾಲನ್ನೂ ಉಸಿರನ್ನೂ ಗಟ್ಟಿ ಮಾಡಿಕೊಳ್ಳುತ್ತಾರೆ. ಅದು ಒಳ್ಳೆಯದೇ. ಆದರೆ ಹಿಮಕುಸಿತದಿಂದ ಪಾರಾಗಲು ಕಾಲಿಗಿಂತ ಕಣ್ಣು ಪಳಗಬೇಕು, ಮತ್ತು ಅದನ್ನು ಇಲ್ಲಿದ್ದುಕೊಂಡೇ ಪಳಗಿಸಬಹುದು.

ಜೀವ ತೆಗೆಯುವ ಹಿಮಕುಸಿತಗಳಲ್ಲಿ ಹೆಚ್ಚಿನವು 30ರಿಂದ 45 ಡಿಗ್ರಿ ಇಳಿಜಾರಿನಲ್ಲಿ ಶುರುವಾಗುತ್ತವೆ. ಆದ್ದರಿಂದ ಇಳಿಜಾರಿನ ಕೋನವನ್ನು ಅಳೆಯುವುದೇ ಮೊದಲ ಪಾಠ. ಚಾಮುಂಡಿ ಬೆಟ್ಟದಲ್ಲೋ ಪಾಂಡವಪುರದ ಕುಂತಿ ಬೆಟ್ಟದಲ್ಲೋ ಒಂದು ಇಳಿಜಾರನ್ನು ನೋಡಿ ಮೊದಲು ಅಂದಾಜು ಹೇಳಿ, ಆಮೇಲೆ ಊರುಗೋಲನ್ನು ಇಳಿಜಾರಿನ ದಿಕ್ಕಿಗೇ ನೆಲದ ಮೇಲೆ ಮಲಗಿಸಿ, ಅದರ ಮೇಲೆ ಮೊಬೈಲಿನ ಅಂಚನ್ನಿಟ್ಟು ಕೋನ ತೋರಿಸುವ ಆ್ಯಪ್‌ನಲ್ಲಿ ತಾಳೆ ನೋಡಿ. ಮೊಬೈಲ್ ಚಳಿಗೆ ಸತ್ತರೆ ಒಂದೇ ಉದ್ದದ ಎರಡು ಕೋಲು ಸಾಕು: ಒಂದನ್ನು ನೆಟ್ಟಗೆ ನಿಲ್ಲಿಸಿ, ಇನ್ನೊಂದರ ತುದಿಯನ್ನು ಮೇಲಿನ ಇಳಿಜಾರಿಗೆ ತಾಗಿಸಿ ಅಡ್ಡಲಾಗಿ ಸಮಮಟ್ಟದಲ್ಲಿ ಹಿಡಿಯಬೇಕು. ಅದರ ಈಚೆಯ ತುದಿ ನಿಂತ ಕೋಲಿನ ನಡುಮಧ್ಯಕ್ಕೆ ಬಂದರೆ ಇಳಿಜಾರು ಸುಮಾರು 27 ಡಿಗ್ರಿ. ಅದಕ್ಕಿಂತ ಮೇಲೆ ತಾಗಿದರೆ ಅಪಾಯದ ವಲಯ ಹತ್ತಿರವಾಯಿತೆಂದೇ ತಿಳಿಯಬೇಕು. ನೀವು ನಿಂತ ಜಾಗ ಸಮತಟ್ಟಾಗಿದ್ದರೂ ತಲೆಯ ಮೇಲೆ ಕಡಿದಾದ ಇಳಿಜಾರಿದ್ದರೆ ಅಲ್ಲಿ ಟೆಂಟ್ ಹಾಕಬಾರದು, ಊಟಕ್ಕೂ ಕೂರಬಾರದು.

ಎರಡನೆಯದು ಹವಾಮಾನ. ಒಂದೇ ದಿನದಲ್ಲಿ 30 ಸೆಂಟಿಮೀಟರಿನಷ್ಟು ಹೊಸ ಹಿಮ ಬಿದ್ದರೆ, ಮುಂದಿನ ಒಂದೆರಡು ದಿನ ಕಡಿದಾದ ಜಾಗಗಳತ್ತ ಸುಳಿಯದಿರುವುದೇ ಸರಿ. ಬಿರುಗಾಳಿ ಕಳೆದ ಮರುದಿನ ಆಕಾಶ ತಿಳಿಯಾಗಿ ಬೆಟ್ಟ ಹೊಳೆಯುವಾಗಲೇ ಎಲ್ಲರಿಗೂ ಹೊರಡುವ ಆತುರ. ನನ್ನ ದೃಷ್ಟಿಯಲ್ಲಿ ಅತಿ ಹೆಚ್ಚು ಅನುಮಾನಿಸಬೇಕಾದ ದಿನ ಅದೇ. ಹಿಮ ಬೀಳದಿದ್ದರೂ ಗಾಳಿಯು ಒಂದು ಮಗ್ಗುಲಿನ ಹಿಮವನ್ನು ಹೊತ್ತು ಶಿಖರದ ಮರೆಯ ಮಗ್ಗುಲಿನಲ್ಲಿ ಪೇರಿಸುತ್ತದೆ. ಹಠಾತ್ತನೆ ಬಿಸಿಲು ಏರಿದರೂ, ಮಳೆ ಹನಿದರೂ ಹಿಮದ ಹಿಡಿತ ಸಡಿಲವಾಗುತ್ತದೆ.

ಎಲ್ಲಕ್ಕಿಂತ ಮೋಸದ್ದು ಕಣ್ಣಿಗೆ ಕಾಣದ ಒಳಪದರ. ಹಂಗಾಮಿನ ಆರಂಭದಲ್ಲಿ ಬಿದ್ದ ತೆಳು ಹಿಮವು ಕೊರೆಯುವ ರಾತ್ರಿಗಳಲ್ಲಿ ಒಂದಕ್ಕೊಂದು ಅಂಟದ ಹರಳುಗಳಾಗಿ, ಕೈಗೆತ್ತಿಕೊಂಡರೆ ಸಕ್ಕರೆಯಂತೆ ಬೆರಳ ಸಂದಿನಿಂದ ಸುರಿಯುತ್ತದೆ. ಅದರ ಮೇಲೆ ಗಟ್ಟಿ ಹಿಮದ ಹಾಸು ಕೂತಾಗ, ಒಬ್ಬ ಮನುಷ್ಯನ ಭಾರಕ್ಕೇ ಇಡೀ ಹಾಸು ಜಾರಬಹುದು. ಬಿಸಿಲು ಕಾಣದ ಉತ್ತರದ ಮಗ್ಗುಲಿನಲ್ಲಿ ಈ ದುರ್ಬಲ ಪದರ ವಾರಗಟ್ಟಲೆ ಉಳಿದಿರುತ್ತದೆ. ಕಾಲಿಟ್ಟಾಗ ‘ಧುಮ್’ ಎಂದು ನೆಲ ಕುಸಿದಂತೆ ಸದ್ದಾದರೆ, ಹೆಜ್ಜೆಯ ಮುಂದೆ ಬಿರುಕು ಓಡಿದರೆ, ಪಕ್ಕದ ಬೆಟ್ಟದಲ್ಲಿ ಹೊಸ ಕುಸಿತದ ಗುರುತು ಕಂಡರೆ ಇನ್ನಾವ ಪರೀಕ್ಷೆಯೂ ಬೇಡ, ಬಂದ ದಾರಿಯಲ್ಲೇ ಹಿಂದಿರುಗಬೇಕು. ಅನುಭವಿ ಗೈಡ್‌ಗಳು 30 ಸೆಂಟಿಮೀಟರ್ ಚೌಕದ ಹಿಮದ ಕಂಬವನ್ನು ಕಡಿದು ಬಿಡಿಸಿ, ಅದರ ಮೇಲೆ ಸಲಿಕೆಯಿಟ್ಟು ಮಣಿಕಟ್ಟು, ಮೊಣಕೈ, ಭುಜ ಹೀಗೆ ಬಲ ಏರಿಸುತ್ತ ಹತ್ತತ್ತು ಬಾರಿ ತಟ್ಟಿ ನೋಡುತ್ತಾರೆ. ಕಂಬ ಬೇಗ ನುಣುಪಾಗಿ ಕತ್ತರಿಸಿ ಜಾರಿದರೆ ಅದು ಸ್ಪಷ್ಟ ಎಚ್ಚರಿಕೆ. ಆದರೆ ಜಾರದಿದ್ದರೆ ಅದನ್ನು ಇಡೀ ಬೆಟ್ಟಕ್ಕೆ ಸಿಕ್ಕ ಅನುಮತಿಯೆಂದು ಭಾವಿಸಬಾರದು.

ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒದ ಅಂಗಸಂಸ್ಥೆ ಡಿಜಿಆರ್‌ಇ ಹಿಮಾಲಯದ ಪ್ರದೇಶಗಳಿಗೆ ಹಿಮಕುಸಿತದ ಮುನ್ಸೂಚನೆ ಕೊಡುತ್ತದೆ. ಅಪಾಯವನ್ನು ಹೇಳುವ ಐದು ಹಂತಗಳ ಅಳತೆಯಲ್ಲಿ ಮೂರನೆಯದನ್ನು ‘ನಡುವಿನದು, ಪರವಾಗಿಲ್ಲ’ ಎಂದು ಓದುವವರಿದ್ದಾರೆ. ಆ ಹಂತದಲ್ಲೇ ಮನುಷ್ಯನ ಹೆಜ್ಜೆಗೆ ಹಿಮ ಜಾರುವ ಸಂಭವ ಸಾಕಷ್ಟಿರುತ್ತದೆ.

ಅನುಮಾನದ ಇಳಿಜಾರನ್ನು ದಾಟಲೇಬೇಕಾದರೆ ಒಬ್ಬೊಬ್ಬರಾಗಿ ದಾಟಬೇಕು, ಉಳಿದವರು ಸುರಕ್ಷಿತ ಜಾಗದಲ್ಲಿ ನಿಂತು ಅವರ ಮೇಲೆಯೇ ಕಣ್ಣಿಡಬೇಕು. 2016ರ ಫೆಬ್ರುವರಿಯಲ್ಲಿ ಸಿಯಾಚಿನ್‌ನಲ್ಲಿ ಹಿಮಕುಸಿತಕ್ಕೆ ಸಿಕ್ಕಿ ಹೂತುಹೋದ ಯೋಧ ಹನುಮಂತಪ್ಪ ಕೊಪ್ಪದ ಅವರು ಆರು ದಿನಗಳ ನಂತರ ಜೀವಂತವಾಗಿ ಸಿಕ್ಕಿದ್ದು ಎಲ್ಲರಿಗೂ ನೆನಪಿದೆ; ಅದೇ ಕುಸಿತದಲ್ಲಿ ಎಚ್.ಡಿ.ಕೋಟೆಯ ಯೋಧರೊಬ್ಬರೂ ಸೇರಿ ಒಂಬತ್ತು ಮಂದಿ ಹಿಮದಡಿಯಲ್ಲೇ ಮಡಿದರು, ಹನುಮಂತಪ್ಪ ಅವರೂ ಬಳಿಕ ಉಳಿಯಲಿಲ್ಲ. ಹೂತವರು ಬದುಕುವ ಸಾಧ್ಯತೆ ಮೊದಲ ಹತ್ತು–ಹದಿನೈದು ನಿಮಿಷಗಳ ನಂತರ ವೇಗವಾಗಿ ಇಳಿಯುತ್ತದೆ, ಆದ್ದರಿಂದ ಜೊತೆಗಿದ್ದವರೇ ಅಗೆದು ತೆಗೆಯಬೇಕು. ಅದಕ್ಕೆ ಪ್ರತಿಯೊಬ್ಬರ ಬಳಿ ಟ್ರಾನ್ಸೀವರ್ (ಹೂತವರ ಜಾಗವನ್ನು ರೇಡಿಯೊ ಸಂಕೇತದಿಂದ ತೋರಿಸುವ ಸಾಧನ), ಪ್ರೋಬ್ ಕಡ್ಡಿ (ಹಿಮಕ್ಕೆ ಚುಚ್ಚಿ ಹುಡುಕುವ ಉದ್ದ ಕಡ್ಡಿ), ಸಲಿಕೆ ಮೂರೂ ಇರಬೇಕು. ಚಾರಣಕ್ಕೆ ಹಣ ಕಟ್ಟುವ ಮೊದಲೇ ಆಯೋಜಕರನ್ನು ಕೇಳಿ: ಇವು ಮೂರೂ ಕೊಡುತ್ತೀರಾ, ಬಳಸಲು ಕಲಿಸುತ್ತೀರಾ, ಮುಂದೆ ಹೋಗುವುದು ಬೇಡವೆಂದು ಗೈಡ್ ಹೇಳಿದರೆ ಶಿಖರವನ್ನು ಕೈಬಿಡುತ್ತೀರಾ?