ಗಾಳಿಗೆ ಉದುರಿದ ಎರಡು ಹೆಡಿಗೆ ಮಾವು: ಮಳೆಗಾಲಕ್ಕೆ ಜಾಡಿ ತುಂಬಿಸುವುದು ಹೇಗೆ?

ಏಪ್ರಿಲ್ ಕೊನೆ, ಮೇ ಮೊದಲಲ್ಲಿ ಬರುವ ಭರಣಿ ಮಳೆಯ ಗಾಳಿ ರಾತ್ರಿ ಅರ್ಧ ಗಂಟೆ ಬೀಸಿದರೆ ಸಾಕು, ಬೆಳಿಗ್ಗೆ ಹಿತ್ತಲಿನ ಮಾವಿನ ಮರದ ಬುಡದಲ್ಲಿ ಕಾಲಿಡಲು ಜಾಗವಿರುವುದಿಲ್ಲ. ನಿನ್ನೆಯವರೆಗೆ ಕತ್ತೆತ್ತಿ ಕಾಯಿ ಎಣಿಸುತ್ತಿದ್ದವರು ಇವತ್ತು ಬಗ್ಗಿ ಹೆಕ್ಕಬೇಕು. ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆಯ ನಮ್ಮ ಮನೆಯಲ್ಲಿ ಒಂದೇ ಮರ, ಆದರೂ ಇಂಥ ಬೆಳಿಗ್ಗೆ ಎರಡು ಹೆಡಿಗೆ ತುಂಬುತ್ತದೆ. ಅಕ್ಕಪಕ್ಕದವರಿಗೆ ಕೊಡೋಣವೆಂದರೆ ಅವರ ಮರದ ಕೆಳಗೂ ಇದೇ ಸ್ಥಿತಿ. ನೆಲಕ್ಕೆ ಬಿದ್ದ ಕಾಯಿ ಎರಡು ದಿನದಲ್ಲಿ ಪೆಟ್ಟಾದ ಕಡೆಯಿಂದ ಮೆತ್ತಗಾಗುತ್ತದೆ. ಜೂನ್ ಮೊದಲ ವಾರದ ಕೊನೆಗೆ ಮೃಗಶಿರ ಮಳೆ ಹಿಡಿದರೆ ಬಿಸಿಲೂ ಸಿಗುವುದಿಲ್ಲ. ಹಾಗಾಗಿ ಕೈಯಲ್ಲಿರುವುದು ನಾಲ್ಕೈದು ವಾರ. ಅಷ್ಟರಲ್ಲಿ ತೊಕ್ಕು, ಉಪ್ಪುನೀರು ಮಾವು, ಹಣ್ಣಿನ ಹಪ್ಪಳ, ಮುರುಗಲು (ಕೋಕಂ) ಪಾಕ ಎಲ್ಲವೂ ಜಾಡಿ ಸೇರಬೇಕು.

ಮೊದಲು ವಿಂಗಡಿಸಿ, ಆಮೇಲೆ ತೊಳೆಯಿರಿ

ಹಳೆಯ ಗೋಣಿ ಹಾಸಿ ಮೂರು ಗುಡ್ಡೆ ಮಾಡಿಕೊಳ್ಳಿ. ಪೆಟ್ಟಾಗದ, ತೊಟ್ಟು ಉಳಿದಿರುವ ಗಟ್ಟಿ ಕಾಯಿ ಉಪ್ಪುನೀರಿಗೆ. ಒಡೆದದ್ದು, ಜಜ್ಜಿದ್ದು ತೊಕ್ಕಿಗೆ. ಜಜ್ಜಿದ ಭಾಗವನ್ನು ಸುತ್ತಲಿನ ಒಂದು ಬೆರಳಗಲ ಸೇರಿಸಿ ಕೊಯ್ದು ತೆಗೆಯಿರಿ, ತೊಕ್ಕನ್ನು ಅವತ್ತೇ ಮಾಡಿ ಮುಗಿಸಿ. ಬಣ್ಣ ತಿರುಗುತ್ತಿರುವವನ್ನು ಹುಲ್ಲಿನಲ್ಲಿ ಹಣ್ಣಿಗಿಡಿ. ಹುಳು ಹೊಕ್ಕಿದ್ದು, ಹುಳಿತ ವಾಸನೆ ಬರುತ್ತಿರುವುದು ನೇರವಾಗಿ ಗೊಬ್ಬರದ ಗುಂಡಿಗೆ. ಅಂಥ ಒಂದು ಕಾಯಿಯ ಆಸೆಗೆ ಇಡೀ ಜಾಡಿ ಹೋಗುತ್ತದೆ.

ತೊಟ್ಟಿನಿಂದ ಇಳಿಯುವ ಸೊನೆ ಕೈಗೆ, ತುಟಿಗೆ ತಾಗಿದರೆ ಸುಡುತ್ತದೆ. ಎರಡು ಮೂರು ನೀರಿನಲ್ಲಿ ಚೆನ್ನಾಗಿ ತೊಳೆದು, ಹತ್ತಿ ಬಟ್ಟೆಯಲ್ಲಿ ಒಂದೊಂದನ್ನೇ ಒರೆಸಿ, ನೆರಳಿನಲ್ಲಿ ಹರಡಿ. ಫ್ಯಾನಿನ ಕೆಳಗಾದರೂ ಎರಡು ಗಂಟೆ ಬೇಕು. ಮುಟ್ಟಿದರೆ ಸಿಪ್ಪೆ ತಣ್ಣಗೆ ಅನಿಸುತ್ತಿದ್ದರೆ ಇನ್ನೂ ಪಸೆ ಇದೆ ಎಂದರ್ಥ.

ಕೆಡದೆ ಉಳಿಯುವುದು ಯಾಕೆ

ಆಹಾರ ಕೆಡಿಸುವ ಬೂಷ್ಟು, ಬ್ಯಾಕ್ಟೀರಿಯಾಗಳಿಗೆ ನೀರಿಲ್ಲದೆ ಬದುಕಿಲ್ಲ. ಉಪ್ಪು ಮತ್ತು ಸಕ್ಕರೆ ಆ ನೀರನ್ನು ಅವಕ್ಕೆ ಸಿಗದಂತೆ ಹಿಡಿದಿಟ್ಟುಕೊಳ್ಳುತ್ತವೆ, ಬಿಸಿಲು ನೀರನ್ನೇ ಓಡಿಸುತ್ತದೆ. ಮೇಲಿನ ಎಣ್ಣೆ ಗಾಳಿಯನ್ನು ತಡೆಯುತ್ತದೆ. ಆದರೆ ಎಣ್ಣೆಯನ್ನೇ ನಂಬುವಂತಿಲ್ಲ. ಗಾಳಿ ಇಲ್ಲದ ಕಡೆಯೇ ಬೆಳೆದು ಪ್ರಾಣಾಂತಿಕ ವಿಷ ಉಂಟುಮಾಡುವ ಕ್ಲಾಸ್ಟ್ರಿಡಿಯಂ ಬಾಟ್ಯುಲಿನಂ ಎಂಬ ಬ್ಯಾಕ್ಟೀರಿಯಾ ಇದೆ. ಅದನ್ನು ತಡೆಯುವುದು ಹುಳಿ. ಹುಳಿಯ ಅಳತೆಗೆ ಪಿಎಚ್ ಅನ್ನುತ್ತಾರೆ, ಹುಳಿ ಹೆಚ್ಚಿದಷ್ಟೂ ಅದು ಇಳಿಯುತ್ತದೆ. ಪಿಎಚ್ 4.6ಕ್ಕಿಂತ ಕೆಳಗಿದ್ದರೆ ಈ ಬ್ಯಾಕ್ಟೀರಿಯಾ ಬೆಳೆಯುವುದಿಲ್ಲ. ಎಳೆ ಮಾವಿನಕಾಯಿ, ನಿಂಬೆ ಈ ಗಡಿಗಿಂತ ಎಷ್ಟೋ ಕೆಳಗಿವೆ. ಟೊಮೆಟೊ ಮಾತ್ರ ಗಡಿಯ ಮೇಲೇ ನಿಂತಿದೆ: ತಳಿ ಮತ್ತು ಮಾಗಿದ ಹದ ನೋಡಿಕೊಂಡು 4.3ರಿಂದ 4.9ರವರೆಗೆ. ಟೊಮೆಟೊ ತೊಕ್ಕಿಗೆ ಹುಣಸೆಹಣ್ಣು ಬೀಳುವುದು ಬರೀ ರುಚಿಗಲ್ಲ.

ಇನ್ನು ಅಳತೆ. ಹಿರಿಯರು ಕಣ್ಣಳತೆಯಲ್ಲೇ ಹಾಕುತ್ತಿದ್ದರು ಎಂದು ಎಲ್ಲರೂ ಹೇಳುತ್ತೇವೆ. ನಮ್ಮಜ್ಜಿ ಉಪ್ಪು ಹಾಕುವುದನ್ನು ಹತ್ತಿರ ಕೂತು ನೋಡಿದ್ದೇನೆ. ಅದು ಅಂದಾಜಾಗಿರಲಿಲ್ಲ. ನಾಲ್ಕು ಸಿದ್ದೆ (ಹಳೆಯ ಅಳತೆ ಪಾತ್ರೆ) ಮಿಡಿಗೆ ಒಂದು ಸಿದ್ದೆ ಕಲ್ಲುಪ್ಪು. ಅದೇ ಸಿದ್ದೆ, ಅದೇ ಮರದ ಮಿಡಿ, ಅದೇ ಜಾಡಿ, ನಲವತ್ತು ವರ್ಷ. ನಮಗೆ ಆ ಸಿದ್ದೆಯೂ ಇಲ್ಲ, ಆ ಅಭ್ಯಾಸವೂ ಇಲ್ಲ. ಪುಡಿ ಉಪ್ಪಿನ ಒಂದು ಲೋಟ, ಕಲ್ಲುಪ್ಪಿನ ಒಂದು ಲೋಟಕ್ಕಿಂತ ಹೆಚ್ಚು ತೂಗುತ್ತದೆ. ಅದಕ್ಕೇ ನನ್ನ ಒತ್ತಾಯ ಒಂದೇ: ಅಡುಗೆಮನೆಗೆ ಸಣ್ಣ ಡಿಜಿಟಲ್ ತಕ್ಕಡಿ ತನ್ನಿ, ಉಪ್ಪನ್ನು ತೂಕ ಮಾಡಿ ಹಾಕಿ. ಫ್ರಿಡ್ಜ್‌ನ ಹೊರಗೆ ತಿಂಗಳುಗಟ್ಟಲೆ ಇಡುವುದಾದರೆ, ಜಾಡಿ ಸೇರುವಾಗಿನ ಒಟ್ಟು ತೂಕದಲ್ಲಿ ಉಪ್ಪು ಶೇ 10ರಿಂದ 12 ಇರಬೇಕು.

ಮಾವಿನಕಾಯಿ ತೊಕ್ಕು

ಒಂದು ಕಿಲೋ ತುರಿಗೆ ಸುಮಾರು ಒಂದೂವರೆ ಕಿಲೋ ಕಾಯಿ ಬೇಕು. ಸಿಪ್ಪೆ ತೆಗೆದು, ಗೊರಟಿನವರೆಗೆ ತುರಿಯಿರಿ. ತುರಿ ಸಣ್ಣದಾದಷ್ಟೂ ಬೇಗ ಬೇಯುತ್ತದೆ. ಆದರೆ ಮಿಕ್ಸಿಗೆ ಹಾಕಿ ರುಬ್ಬಬೇಡಿ, ಎಳೆ ಸಿಗದ ತೊಕ್ಕು ಗಂಜಿಯ ಜೊತೆ ಸಪ್ಪೆಯೆನಿಸುತ್ತದೆ.

ಉಳಿದದ್ದು: ಕಲ್ಲುಪ್ಪು 110 ಗ್ರಾಂ, ಬ್ಯಾಡಗಿ ಮೆಣಸಿನ ಪುಡಿ 80 ಗ್ರಾಂ (ಖಾರ ಬೇಕಿದ್ದರೆ ಅದರಲ್ಲಿ ಕಾಲು ಭಾಗ ಗುಂಟೂರು), ಎಳ್ಳೆಣ್ಣೆ 250 ಮಿಲಿ, ಅರಿಶಿನ ಒಂದು ಚಮಚ, ಸಾಸಿವೆ ಎರಡು ಚಮಚ, ಮೆಂತ್ಯ ಒಂದೂವರೆ ಚಮಚ, ಕಡಲೆಕಾಳಿನಷ್ಟು ಗಟ್ಟಿ ಇಂಗು. ಬೆಲ್ಲ ಇಷ್ಟವಾದರೆ 50 ಗ್ರಾಂ.

ಕಲ್ಲುಪ್ಪನ್ನು ದಪ್ಪ ಬಾಣಲೆಯಲ್ಲಿ ಚಟಪಟ ಸದ್ದು ನಿಲ್ಲುವವರೆಗೆ ಹುರಿದು ಪುಡಿ ಮಾಡಿ. ಆ ಸದ್ದೇ ಹರಳಿನೊಳಗಿನ ನೀರು ಹೊರಡುವ ಸದ್ದು. ತೂಕ ಮಾಡುವುದು ಹುರಿದ ಮೇಲೆ. ಮೆಂತ್ಯವನ್ನು ಎಣ್ಣೆ ಹಾಕದೆ ಸಣ್ಣ ಉರಿಯಲ್ಲಿ ಕೆಂಪಗಾಗುವವರೆಗೆ ಹುರಿಯಿರಿ. ಕಪ್ಪಾದರೆ ಕಹಿ, ಚೆಲ್ಲಿ ಇನ್ನೊಮ್ಮೆ ಹುರಿಯುವುದೇ ಒಳ್ಳೆಯದು. ಅರ್ಧ ಸಾಸಿವೆಯನ್ನು ಬಿಸಿ ಮಾಡಿ ಮೆಂತ್ಯದ ಜೊತೆ ಪುಡಿ ಮಾಡಿಕೊಳ್ಳಿ.

ಸ್ಟೀಲ್ ಬಾಣಲೆ ಇಡಿ. ಅಲ್ಯೂಮಿನಿಯಂ, ಕಲಾಯಿ ಇಲ್ಲದ ತಾಮ್ರ, ಹಿತ್ತಾಳೆ ಬೇಡ, ಹುಳಿ ಲೋಹವನ್ನು ಕರಗಿಸುತ್ತದೆ. ಎಣ್ಣೆಯ ಮೂರನೇ ಎರಡು ಭಾಗ ಕಾಯಿಸಿ, ಉಳಿದ ಸಾಸಿವೆ ಸಿಡಿಸಿ, ಇಂಗು ಅರಳಿಸಿ, ತುರಿ ಮತ್ತು ಅರಿಶಿನ ಹಾಕಿ. ಮೊದಲ ಹತ್ತು ನಿಮಿಷ ತುರಿ ನೀರು ಬಿಡುತ್ತದೆ, ಬಾಣಲೆ ತುಂಬ ತೆಳ್ಳಗಾಗಿ ಗಾಬರಿ ಹುಟ್ಟಿಸುತ್ತದೆ. ಮುಚ್ಚಳ ಮುಚ್ಚಬೇಡಿ. ಮಧ್ಯಮ ಉರಿಯಲ್ಲಿ ಬಾಡಿಸುತ್ತಾ ಹೋಗಿ. ಆ ನೀರು ಇಂಗಿದ ಮೇಲೆ ಉಪ್ಪು, ಮೆಣಸಿನ ಪುಡಿ, ಬೆಲ್ಲ.

ಇಲ್ಲಿಂದ ಮುಂದೆ ಒಲೆ ಬಿಟ್ಟು ಕದಲಬಾರದು. ತೊಕ್ಕು ಕೊತಕೊತ ಸಿಡಿಯುತ್ತದೆ, ಉದ್ದ ಹಿಡಿಯ ಸಟ್ಟುಗ ಇರಲಿ. ಹದ ಗೊತ್ತಾಗುವುದು ಹೀಗೆ: ಸಟ್ಟುಗದಿಂದ ಬಾಣಲೆಯ ನಡುವೆ ಒಂದು ಗೆರೆ ಎಳೆಯಿರಿ. ಹದ ಬಾರದಿದ್ದರೆ ಗೆರೆಗೆ ಎರಡೂ ಬದಿಯಿಂದ ನೀರು ನುಗ್ಗುತ್ತದೆ. ಹದ ಬಂದಿದ್ದರೆ ಗೆರೆ ಹಾಗೇ ನಿಂತು, ಅದರೊಳಗೆ ಕೆಂಪು ಎಣ್ಣೆ ಮಾತ್ರ ನಿಧಾನವಾಗಿ ಜಿನುಗುತ್ತದೆ. ಸಿಡಿಯುವ ಸದ್ದೂ ತಗ್ಗಿ, ಅಂಚಿನಲ್ಲಿ ಸಣ್ಣ ಗುಳ್ಳೆಗಳು ಉಳಿಯುತ್ತವೆ. ಒಂದು ಕಿಲೋ ತುರಿಗೆ ಇದಕ್ಕೆ 35ರಿಂದ 40 ನಿಮಿಷ ಹಿಡಿಯುತ್ತದೆ. ಒಲೆ ಆರಿಸಿ, ಬಿಸಿ ಸ್ವಲ್ಪ ಇಳಿದ ಮೇಲೆ ಮೆಂತ್ಯ-ಸಾಸಿವೆ ಪುಡಿ ಬೆರೆಸಿ. ಕುದಿಯುವಾಗಲೇ ಹಾಕಿದರೆ ಘಮ ಹಾರಿಹೋಗುತ್ತದೆ.

ಈಗ ಬಾಣಲೆಯಲ್ಲಿರುವುದನ್ನು ತೂಗಿ. ಒಂದು ಕಿಲೋದ ಸುತ್ತಮುತ್ತ ಇದ್ದರೆ ಉಪ್ಪಿನ ಲೆಕ್ಕ ಸರಿಯಿದೆ. ತುಂಬಾ ಹೆಚ್ಚಿದ್ದರೆ ನೀರು ಉಳಿದಿದೆ, ಮತ್ತೆ ಒಲೆಗೇರಿಸಿ.

ಹಿತ್ತಲ ಟೊಮೆಟೊ ಒಂದೇ ಸಲ ಕೆಂಪಾದಾಗ

ಎರಡು ಕಿಲೋ ಟೊಮೆಟೊಗೆ ಹುಣಸೆಹಣ್ಣು 75 ಗ್ರಾಂ, ಉಪ್ಪು 75 ಗ್ರಾಂ. ನಾಟಿ ಟೊಮೆಟೊ ಇದ್ದರೆ ಉತ್ತಮ. ಅಂಗಡಿಯ ಗಟ್ಟಿ ಸಿಪ್ಪೆಯ ಹೈಬ್ರಿಡ್‌ನಲ್ಲಿ ಹುಳಿ ಕಡಿಮೆ. ಹೆಚ್ಚಿ, ಹುಣಸೆಹಣ್ಣಿನ ಜೊತೆಗೇ ಬೇಯಿಸಿ, ಆರಿಸಿ, ನೀರು ಸೇರಿಸದೆ ರುಬ್ಬಿ. ಆಮೇಲೆ ಎಣ್ಣೆಯಲ್ಲಿ ಮಾವಿನ ತೊಕ್ಕಿನ ಹಾಗೇ ಕಾಯಿಸುವುದು, ಎರಡು ಕಿಲೋ ಇದ್ದದ್ದು 700 ಗ್ರಾಂಗೆ ಇಳಿಯುವವರೆಗೆ. ಬಹಳ ಹೊತ್ತು ಬೇಕು, ತಾಳ್ಮೆಯೂ ಬೇಕು. ಬೆಳ್ಳುಳ್ಳಿ ಹಾಕುವುದಾದರೆ ಟೊಮೆಟೊ ಜೊತೆಯಲ್ಲೇ ಪೂರ್ತಿ ಬೇಯಿಸಿ. ಹಸಿ ಬೆಳ್ಳುಳ್ಳಿಯನ್ನು ಎಣ್ಣೆಯಲ್ಲಿ ಮುಳುಗಿಸಿ ಹೊರಗಿಡುವುದು ಅಪಾಯ. ಮೇಲೆ ಹೇಳಿದ ಬ್ಯಾಕ್ಟೀರಿಯಾಕ್ಕೆ ಅದಕ್ಕಿಂತ ಒಳ್ಳೆಯ ಮನೆ ಇಲ್ಲ. ಟೊಮೆಟೊ ತೊಕ್ಕನ್ನು ನಾನು ಫ್ರಿಡ್ಜ್‌ನಲ್ಲೇ ಇಡುತ್ತೇನೆ, ನೀವೂ ಹಾಗೇ ಮಾಡಿ.

ಉಪ್ಪುನೀರಿನ ಮಾವು

ಎರಡು ಕಿಲೋ ಇಡೀ ಕಾಯಿ, ಎರಡು ಲೀಟರ್ ನೀರು, ಅರ್ಧ ಕಿಲೋ ಕಲ್ಲುಪ್ಪು. ಒಟ್ಟು ನಾಲ್ಕೂವರೆ ಕಿಲೋದಲ್ಲಿ ಉಪ್ಪು ಸುಮಾರು ಶೇ 11. ಉಪ್ಪುನೀರನ್ನು ಹತ್ತು ನಿಮಿಷ ಕುದಿಸಿ, ಸೋಸಿ, ಪೂರ್ತಿ ತಣಿಸಿ. ಕಾಯಿಗಳ ಮೇಲೆ ಸುರಿದು, ಅವು ತೇಲದಂತೆ ಒಂದು ಪಿಂಗಾಣಿ ತಟ್ಟೆ ಮುಚ್ಚಿ ಭಾರ ಇಡಿ. ನೀರಿನಿಂದ ಮೇಲೆ ಇಣುಕಿದ ಕಾಯಿಗೇ ಮೊದಲು ಬೂಷ್ಟು ಹಿಡಿಯುವುದು. ಮೊದಲ ವಾರ ದಿನಕ್ಕೊಮ್ಮೆ ಜಾಡಿ ಅಲುಗಾಡಿಸಿದರೆ ಸಾಕು.

ಹಣ್ಣು, ಮುರುಗಲು, ಪೇರಲೆ

ಹಣ್ಣಿಗಿಟ್ಟ ನಾರಿನ ಕಾಡುಮಾವು ಹೋಳು ಮಾಡಲು ಬರುವುದಿಲ್ಲ, ಹಪ್ಪಳಕ್ಕೆ ಅದೇ ಬೇಕು. ಕರಾವಳಿಯಲ್ಲಿ ಇದನ್ನು ಮಾಂಬಳ ಅನ್ನುತ್ತಾರೆ. ರಸ ಹಿಂಡಿ, ಜರಡಿಯಲ್ಲಿ ಸೋಸಿ, ತುಪ್ಪ ಸವರಿದ ತಟ್ಟೆಗೆ ದೋಸೆಯಷ್ಟು ತೆಳ್ಳಗೆ ಹರಡಿ ಬಿಸಿಲಿಗಿಡಿ, ಮೇಲೆ ತೆಳು ಬಟ್ಟೆ ಕಟ್ಟಿ. ಮರುದಿನ ಅದರ ಮೇಲೆ ಇನ್ನೊಂದು ಪದರ. ಕೆಳಗಿನ ಪದರ ಬೆರಳಿಗೆ ಅಂಟುತ್ತಿದ್ದರೆ ಮೇಲೆ ಸುರಿಯಬೇಡಿ. ಐದಾರು ಪದರವಾಗಿ, ತಟ್ಟೆಯಿಂದ ಚರ್ಮದ ಹಾಗೆ ಎದ್ದು ಬಂದಾಗ ಸುತ್ತಿ ಡಬ್ಬಿಗೆ ಹಾಕಿ. ಸಕ್ಕರೆ ಬೇಕಿಲ್ಲ.

ಮುರುಗಲು ಹಣ್ಣಾಗುವುದೂ ಇದೇ ಸಮಯ. ಅಡ್ಡಕ್ಕೆ ಕೊಯ್ದು ಬೀಜ ತೆಗೆದರೆ ಪ್ರತಿ ಅರ್ಧವೂ ಪುಟ್ಟ ಬಟ್ಟಲು. ಬಟ್ಟಲಿನ ತುಂಬ ಸಕ್ಕರೆ ಒತ್ತಿ ಗಾಜಿನ ಜಾಡಿಯಲ್ಲಿ ಜೋಡಿಸುತ್ತಾ ಬನ್ನಿ, ತೂಕದಲ್ಲಿ ಸಿಪ್ಪೆಯ ಎರಡರಷ್ಟು ಸಕ್ಕರೆ. ಒಂದು ವಾರ ಬಿಸಿಲಿಗಿಟ್ಟರೆ ದಾಸವಾಳದ ಬಣ್ಣದ ಪಾಕ ತಾನಾಗಿ ಇಳಿಯುತ್ತದೆ. ಸೋಸಿ ಬಾಟಲಿಗೆ ತುಂಬಿ. ಬೀಜ ಎಸೆಯಬೇಡಿ, ಒಣಗಿಸಿದರೆ ಮುರುಗಲು ತುಪ್ಪಕ್ಕೆ ಬರುತ್ತದೆ; ಮಳೆಗಾಲದಲ್ಲಿ ಒಡೆದ ಹಿಮ್ಮಡಿಗೆ ಅದನ್ನು ಹಚ್ಚುತ್ತಾರೆ.

ಪೇರಲೆ ಸುರಿಯುವುದು ಮಳೆ ಕಳೆದ ಮೇಲೆ, ಆದರೂ ಒಂದು ಮಾತು ಇಲ್ಲೇ ಹೇಳಬೇಕು. ಪೇರಲೆಯಲ್ಲಿ ಜೆಲ್ಲಿ ಕಟ್ಟಿಸುವ ಪೆಕ್ಟಿನ್ ಎಂಬ ಅಂಶ ಧಾರಾಳ. ಬೇಯಿಸಿ, ಹಿಂಡದೆ ಬಟ್ಟೆಯಲ್ಲಿ ಸೋಸಿದ ಒಂದು ಲೋಟ ರಸಕ್ಕೆ ಮುಕ್ಕಾಲು ಲೋಟ ಸಕ್ಕರೆ, ಸ್ವಲ್ಪ ನಿಂಬೆರಸ ಹಾಕಿ ಕುದಿಸಿದರೆ ಜೆಲ್ಲಿ ಕಟ್ಟುತ್ತದೆ. ಜಾಮ್, ಜೆಲ್ಲಿಗೆ 105 ಡಿಗ್ರಿ ಎಂದು ಬಹಳ ಕಡೆ ಬರೆದಿರುತ್ತದೆ. ಅದು ಸಮುದ್ರಮಟ್ಟದ ಲೆಕ್ಕ. ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ನೀರು 97 ಡಿಗ್ರಿಗೇ ಕುದಿಯುವುದರಿಂದ ಅಲ್ಲಿ 102 ಸಾಕು. 105ಕ್ಕೆ ಕಾದರೆ ಚಮಚ ಇಳಿಯದಷ್ಟು ಗಟ್ಟಿಯಾದೀತು. ಥರ್ಮಾಮೀಟರ್ ಇಲ್ಲದವರು ತಣ್ಣನೆಯ ತಟ್ಟೆಗೆ ಒಂದು ಹನಿ ಬಿಟ್ಟು ಬೆರಳಿಂದ ತಳ್ಳಿ ನೋಡಿ. ಮೇಲೆ ಸುಕ್ಕು ಬಿದ್ದರೆ ಆಯಿತು.

ಜಾಡಿ

ಮೂರು ವರ್ಷದ ಹಿಂದೆ ಐದು ಕಿಲೋ ತೊಕ್ಕು ಕಳೆದುಕೊಂಡೆ. ಉಪ್ಪು ಸರಿಯಿತ್ತು, ಎಣ್ಣೆ ಸರಿಯಿತ್ತು, ಜಾಡಿಯನ್ನು ಕುದಿಸಿ ಬಿಸಿಲಿಗೂ ಇಟ್ಟಿದ್ದೆ. ಮುಚ್ಚಳದ ಒಳಸುತ್ತಿನಲ್ಲಿ, ತಿರುಪು ಕೂರುವ ಆ ಸಂದಿನಲ್ಲಿ ನೀರು ಉಳಿದಿತ್ತು. ಶ್ರಾವಣದಲ್ಲಿ ತೆರೆದಾಗ ಅಂಚಿನುದ್ದಕ್ಕೂ ಹಸಿರು ಬೂಷ್ಟು. ಮೇಲಿನದನ್ನು ಕೆರೆದು ಕೆಳಗಿನದನ್ನು ಉಳಿಸಿಕೊಳ್ಳಬಹುದಿತ್ತಲ್ಲ ಎಂದು ಮನೆಯವರು ಕೇಳಿದರು. ಹಾಗೆ ಮಾಡಬಾರದು. ಬೂಷ್ಟಿನ ಎಳೆಗಳು ಕಣ್ಣಿಗೆ ಕಾಣುವುದಕ್ಕಿಂತ ಆಳಕ್ಕೆ ಇಳಿದಿರುತ್ತವೆ. ಕೆಲವು ಬೂಷ್ಟು ಹುಳಿಯನ್ನೇ ತಿಂದು ಪಿಎಚ್ ಏರಿಸುತ್ತವೆ, ಆಗ ತೊಕ್ಕಿಗೆ ಇದ್ದ ಕಾವಲು ಹೋಗುತ್ತದೆ. ಐದು ಕಿಲೋವನ್ನೂ ಗುಂಡಿಗೆ ಸುರಿದೆ.

ಅಂದಿನಿಂದ ಗಾಜಿನ ಜಾಡಿ, ಮುಚ್ಚಳ ಎರಡನ್ನೂ ಹತ್ತು ನಿಮಿಷ ಕುದಿಸಿ, ಒಂದು ಇಡೀ ದಿನ ಬಿಸಿಲಿನಲ್ಲಿ ಬೋರಲು ಹಾಕಿ, ಮುಚ್ಚಳದ ಸಂದಿಗೆ ಬಟ್ಟೆಯ ತುದಿ ಹಾಕಿ ಒರೆಸಿ ನೋಡುತ್ತೇನೆ. ಐದು ಕಿಲೋದ ಒಂದು ಜಾಡಿಯ ಬದಲು ಅರ್ಧ ಕಿಲೋದ ಹತ್ತು. ತೊಕ್ಕು ತಣಿದ ಮೇಲೆ ತುಂಬಿ, ಒಣ ಚಮಚದಿಂದ ಒತ್ತಿ ಗಾಳಿಗುಳ್ಳೆ ಬಿಡಿಸಿ. ಉಳಿಸಿದ ಎಣ್ಣೆಯನ್ನು ಕಾಯಿಸಿ ಆರಿಸಿ ಮೇಲೆ ಹನಿಸಿ, ಕಿರುಬೆರಳಿನ ಅಗಲ ನಿಲ್ಲಬೇಕು. ಮೂರನೇ ದಿನ ತೊಕ್ಕು ಎಣ್ಣೆ ಕುಡಿದು ಮೇಲೆ ಕಾಣಿಸುತ್ತಿದ್ದರೆ ಮತ್ತಷ್ಟು ಹಾಕಿ. ತಾರೀಕು, ಉಪ್ಪಿನ ತೂಕ ಎರಡನ್ನೂ ಚೀಟಿಯಲ್ಲಿ ಬರೆದು ಅಂಟಿಸಿ. ಮುಂದಿನ ವರ್ಷ ಅದೇ ನಿಮ್ಮ ಸಿದ್ದೆ.

ತೊಕ್ಕನ್ನು ಹದಿನೈದು ದಿನ ಮುಟ್ಟಬೇಡಿ. ಉಪ್ಪುನೀರಿನ ಕಾಯಿ ಜೂನ್ ಕೊನೆಗೆ ಆರಿದ್ರಾ ಮಳೆ ಹಿಡಿಯುವ ಹೊತ್ತಿಗೆ ಸರಿಯಾಗಿ ಬಾಡಿರುತ್ತದೆ. ಎರಡು ಕಾಯಿ ತೆಗೆದು ಅರ್ಧ ಗಂಟೆ ಸಿಹಿನೀರಲ್ಲಿಟ್ಟು, ಕಿವುಚಿ, ಎರಡು ಹಸಿಮೆಣಸು ನುರಿದು, ತೆಂಗಿನೆಣ್ಣೆಯಲ್ಲಿ ಸಾಸಿವೆ, ಇಂಗು, ಒಣಮೆಣಸಿನ ಒಗ್ಗರಣೆ ಕೊಡಿ. ಬಿಸಿ ಗಂಜಿಗೆ ಅಷ್ಟು ಗೊಜ್ಜು ಸಾಕು. ಉಪ್ಪು ಮತ್ತೆ ಹಾಕಬೇಡಿ, ಕಾಯಿಯಲ್ಲೇ ಇದೆ.