ಕಿಣ್ವಕ್ಕೆ ಜಗ್ಗದ ಸಕ್ಕರೆ

ಜಪಾನಿನಲ್ಲಿ ಪೋಸ್ಟ್‌ಡಾಕ್ (ಪಿಎಚ್‌ಡಿ ನಂತರದ ಸಂಶೋಧನೆ) ಮಾಡುವಾಗ ನನ್ನ ಪಾಲಿಗೆ ಬಂದದ್ದು ಮುರಸಾಕಿ ಉನಿ. ಮೈತುಂಬ ಮುಳ್ಳಿರುವ ಕಡುನೇರಳೆ ಸೀ ಅರ್ಚಿನ್, ಸಮುದ್ರದ ಒಂದು ಗುಂಡನೆ ಪ್ರಾಣಿ. ಅದರ ಮೊಟ್ಟೆಯ ಗ್ಯಾಂಗ್ಲಿಯೋಸೈಡ್, ಅಂದರೆ ಸಕ್ಕರೆ ಅಂಟಿದ ಒಂದು ಬಗೆಯ ಕೊಬ್ಬು, ಹೇಗಿದೆ ಎಂದು ಹುಡುಕುವುದು ನನ್ನ ಕೆಲಸ. ಗಂಡೋ ಹೆಣ್ಣೋ ಹೊರಗಿನಿಂದ ಗೊತ್ತಾಗುವುದಿಲ್ಲ. ಬಾಯಿಯ ಸುತ್ತಲಿನ ಮೆತ್ತನೆ ಪೊರೆಗೆ 0.5 ಮೋಲಾರ್ ಪೊಟ್ಯಾಸಿಯಂ ಕ್ಲೋರೈಡ್ ಚುಚ್ಚಿ, ಸಮುದ್ರದ ನೀರು ತುಂಬಿದ ಬೀಕರಿನ ಮೇಲೆ ಬೋರಲು ಇಡುತ್ತಿದ್ದೆ. ಬೆಳ್ಳಗೆ ವೀರ್ಯ ಇಳಿದರೆ ಗಂಡು. ಹಳದಿಯಾಗಿ ಇಳಿದರೆ ಮೊಟ್ಟೆ. ಬೇಸಿಗೆ ಹೋದರೆ ಮೊಟ್ಟೆಯೂ ಹೋಯಿತು, ಹಾಗಾಗಿ ರಜೆಯ ಮಾತೇ ಇರಲಿಲ್ಲ.

ಮೊಟ್ಟೆಯ ಕೊಬ್ಬನ್ನು 2:1 ಕ್ಲೋರೋಫಾರ್ಮ್-ಮೆಥನಾಲ್‌ನಲ್ಲಿ ತೆಗೆದೆ. ಸೌಮ್ಯ ಕ್ಷಾರ ಹಾಕಿ, ನನಗೆ ಬೇಡದ ಕೊಬ್ಬುಗಳಾದ ಫಾಸ್ಫೋಲಿಪಿಡ್‌ಗಳನ್ನು ಒಡೆದೆ. ಉಳಿದದ್ದನ್ನು, ಆಮ್ಲೀಯ ಕೊಬ್ಬನ್ನು ಹಿಡಿದುಕೊಳ್ಳುವ ಡಿಇಎಇ-ಸೆಫಾಡೆಕ್ಸ್ ಕಾಲಂಗೆ ಹಾಕಿದೆ. (ಮೊದಲ ಸಲ ಪ್ಲಾಸ್ಟಿಕ್ ಟ್ಯೂಬಿನಲ್ಲಿ ಕ್ಲೋರೋಫಾರ್ಮ್ ಸುರಿದಿದ್ದೆ. ಅಣುಗಳನ್ನು ಬೇರ್ಪಡಿಸಿ ತೂಗುವ ಜಿಸಿ-ಎಂಎಸ್ ಯಂತ್ರದಲ್ಲಿ 149ರ ಪೀಕ್ ಎದ್ದು ನಿಂತಿತು. ಪ್ಲಾಸ್ಟಿಕ್ ಮೆತ್ತಗಾಗಲು ಬೆರೆಸುವ ಥ್ಯಾಲೇಟ್! ಆಮೇಲೆ ಗಾಜು ಬಿಟ್ಟು ಬೇರೇನೂ ಮುಟ್ಟಲಿಲ್ಲ.)

ಕೊಬ್ಬುಗಳನ್ನು ಚುಕ್ಕೆಗಳಾಗಿ ಬೇರ್ಪಡಿಸುವ ಟಿಎಲ್‌ಸಿ ಪ್ಲೇಟಿನಲ್ಲಿ ಎರಡು ಚುಕ್ಕೆ. ರಿಸಾರ್ಸಿನಾಲ್ ಸಿಂಪಡಿಸಿ ಬಿಸಿ ಮಾಡಿದರೆ ಎರಡೂ ನೀಲಿ-ನೇರಳೆ. ಅಂದರೆ ಎರಡರಲ್ಲೂ ಸಿಯಾಲಿಕ್ ಆಮ್ಲ ಅನ್ನುವ ಸಕ್ಕರೆ ಇದೆ. ಆದರೆ ಕೆಳಗಿನ ಚುಕ್ಕೆಯಿಂದ ಈ ಆಮ್ಲವನ್ನು ಸಿಯಾಲಿಡೇಸ್ ಕಿಣ್ವ ಕತ್ತರಿಸಲೇ ಇಲ್ಲ. ಕಿಣ್ವ ಸತ್ತಿದೆ ಅಂದುಕೊಂಡೆ. ಹೊಸದು ತಂದರೂ ಅದೇ ಕಥೆ. ದನದ ಮಿದುಳಿನ ಜಿಡಿ1ಎ ಎಂಬ ಗ್ಯಾಂಗ್ಲಿಯೋಸೈಡ್ ಕೊಟ್ಟು ನೋಡಿದರೆ ಅದನ್ನು ಸಲೀಸಾಗಿ ಕತ್ತರಿಸಿತು. ತಪ್ಪು ಕಿಣ್ವದ್ದಲ್ಲ ಅಲ್ವಾ?

ಮಾಸ್ ಸ್ಪೆಕ್ಟ್ರಮ್ (ಅಣುವಿನ ತೂಕದ ಅಳತೆ) ನೋಡಿದರೆ ಈ ಚುಕ್ಕೆ ಪಕ್ಕದ್ದಕ್ಕಿಂತ 80 ಜಾಸ್ತಿ ತೂಗುತ್ತಿತ್ತು. ಸಲ್ಫೇಟೋ ಫಾಸ್ಫೇಟೋ? ಸಲ್ಫೇಟ್ ಸೇರಿಸುವ ತೂಕ 79.957, ಫಾಸ್ಫೇಟ್‌ನದು 79.966. ಸಾಧಾರಣ ಯಂತ್ರಕ್ಕೆ ಎರಡೂ ಒಂದೇ. ನಿಖರವಾಗಿ ಅಳೆದಾಗ ಸಲ್ಫೇಟ್ ಎಂದು ಬಂತು. ಡಿಎಂಎಸ್‌ಓ-ಮೆಥನಾಲ್‌ಗೆ ಚೂರು ಆಮ್ಲ ಸೇರಿಸಿ ಸಲ್ಫೇಟ್ ಕಳಚಿದೆ. ಆಮೇಲೆ ಅದೇ ಕಿಣ್ವ ಮರುಮಾತಿಲ್ಲದೆ ಕತ್ತರಿಸಿತು.

ಇನ್ನೊಂದು ಅಚ್ಚರಿ ಸಕ್ಕರೆಯ ಸಾಲಿನಲ್ಲಿತ್ತು. ಮಿದುಳಿನ ಗ್ಯಾಂಗ್ಲಿಯೋಸೈಡ್‌ಗಳಲ್ಲಿ ಸಾಮಾನ್ಯವಾಗಿ ಗ್ಲೂಕೋಸ್‌ಗೆ ಗ್ಯಾಲಕ್ಟೋಸ್, ಅದಕ್ಕೆ ಸಿಯಾಲಿಕ್ ಆಮ್ಲ. ಇಲ್ಲಿ ಗ್ಯಾಲಕ್ಟೋಸ್ ಸುಳಿವೇ ಇಲ್ಲ. ಕಳೆದುಕೊಂಡೆನೇನೋ ಎಂದು ಇನ್ನೊಮ್ಮೆ ಮಾಡಿದೆ. ಸಕ್ಕರೆಯ ಖಾಲಿ ಜಾಗಗಳಿಗೆ ಮೀಥೈಲ್ ಹಚ್ಚಿ ಒಡೆದು ನೋಡಿದಾಗ ಗ್ಲೂಕೋಸ್‌ನ 2, 3, 4ನೇ ಜಾಗಗಳಲ್ಲಿ ಮೀಥೈಲ್ ಕೂತಿತ್ತು, 6ರಲ್ಲಿ ಇರಲಿಲ್ಲ. ಸಿಯಾಲಿಕ್ ಆಮ್ಲ ನೇರ ಗ್ಲೂಕೋಸ್‌ನ 6ಕ್ಕೇ ಅಂಟಿಕೊಂಡಿದೆ.

ಸಲ್ಫೇಟ್ ಎಲ್ಲಿದೆ ಅನ್ನುವುದನ್ನು ಎನ್‌ಎಂಆರ್ (ಕಾಂತಕ್ಷೇತ್ರದಲ್ಲಿಟ್ಟು ಅಣುವಿನ ರಚನೆ ನೋಡುವ ವಿಧಾನ) ಹೇಳಿತು. ಸಿಯಾಲಿಕ್ ಆಮ್ಲದ 8ನೇ ಕಾರ್ಬನ್ನಿನ ಪ್ರೋಟಾನ್‌ನ ಪೀಕ್ ತನ್ನ ಜಾಗ ಬಿಟ್ಟು ಕೆಳಕ್ಷೇತ್ರಕ್ಕೆ ಸರಿದಿತ್ತು, ಅಂದರೆ ಸಲ್ಫೇಟ್ ಅಲ್ಲೇ ಇದೆ. ಖುಷಿಯಿಂದ ಗೈಡ್‌ಗೆ ತೋರಿಸಿದೆ. ಅವರು ಸುಮ್ನೆ ಒಂದು ಹಳೆಯ ಪೇಪರ್ ಮುಂದಿಟ್ಟರು. ಇದೇ ಪ್ರಾಣಿ, ಇದೇ ಮೊಟ್ಟೆ, ಇದೇ ರಚನೆ. ಅದನ್ನು ಮೊದಲೇ ಓದಿದ್ದರೆ ಆ ಕಿಣ್ವ ಅಷ್ಟು ಬೈಗುಳ ತಿನ್ನುತ್ತಿರಲಿಲ್ಲ.